ಖಾಲಿ ಬಿಟ್ಟ ಸಾಲು

ಪ್ರಚಾರದ ಕೊನೆಯ ಭಾನುವಾರ
ಪಕ್ಷದ ಕಚೇರಿ, ಹಿಂದಿನ ಕೋಣೆ

ಪ್ರೀತಿಯ ಅಕ್ಕಾ,

ಎದುರು ನಿಂತು ಹೇಳಿದರೆ ನೀನೇ ಗೆಲ್ಲುತ್ತೀಯ. ಮಾತಿನಲ್ಲಿ ನಿನ್ನನ್ನು ಸೋಲಿಸಿದವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಾಲುವೆಯಾಚೆಯವರ ಭಾಷೆಯ ಶಾಲೆಗೆ ಬೀಗ ಹಾಕಲು ಬಿಡುವುದಿಲ್ಲ ಎಂದು ಮೊದಲು ಹೇಳಿದವಳು ನೀನು. ಆ ಶಾಲೆಯ ಮೆಟ್ಟಿಲ ಮೇಲೆ ಇಬ್ಬರೂ ಲಾಠಿ ಏಟು ತಿಂದೆವು. ಈಗ ಚುನಾವಣೆಗೆ ನಿಂತ ನೀನೇ, ನನ್ನ ದನಿಯ ಪ್ರಚಾರದ ರೆಕಾರ್ಡಿಂಗಿನಿಂದ ಆ ಸಾಲನ್ನು ತೆಗೆ ಎಂದಾಗ ಜಗಳವಾಡಿದೆ. ನೀನು ಕನ್ನಡಕ ಒರೆಸುತ್ತ, "ಈಚೆಯವರು ಆ ಒಂದು ಸಾಲಿಗೇ ಮುಖ ತಿರುಗಿಸ್ತಿದ್ದಾರೆ ಕಣೇ. ಸೋತವಳ ಕೈಲಿ ಯಾವ ಬೀಗ ಒಡೆಸ್ತೀಯ?" ಎಂದೆ. ತೆಗೆಸಿದೆ.

ಕತ್ತರಿಸಿದರೆ ಹಿನ್ನೆಲೆ ವಾದ್ಯದ ತಾಳ ತಪ್ಪುತ್ತದೆಂದು ಸೌಂಡಿನವನು ನನ್ನ ದನಿಯನ್ನಷ್ಟೇ ಅಳಿಸಿ ಜಾಗ ಖಾಲಿ ಬಿಟ್ಟ. ಉಸಿರು ತಗೊಂಡ ಹಾಗಿರುತ್ತೆ, ಯಾರಿಗೂ ಗೊತ್ತಾಗಲ್ಲ ಎಂದ.

ನಿನ್ನೆ ಮಧ್ಯಾಹ್ನ ಪ್ರಚಾರದ ವ್ಯಾನು ಕಾಲುವೆ ದಾಟಿತು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಹಗ್ಗದ ಮೇಲೆ ಒದ್ದೆ ಬಟ್ಟೆ, ಮುಚ್ಚಿದ ಬಾಗಿಲು. ಸ್ಪೀಕರಿನಲ್ಲಿ ನನ್ನ ದನಿ ಖಾಲಿ ಜಾಗಕ್ಕೆ ಬಂದು ನಿಂತಿತು. ಆಗ ಬಾಗಿಲುಗಳ ಹಿಂದಿನಿಂದ ಆ ಸಾಲು ಬಂತು ಅಕ್ಕಾ. ಊಟಕ್ಕೆ ಕೂತವರು ಮಾತಾಡಿದಷ್ಟು ಮೆಲ್ಲಗೆ, ಎಲ್ಲ ಮನೆಗಳಿಂದ ಒಟ್ಟಿಗೆ. ಎಲ್ಲವೂ ನನ್ನದೇ ದನಿ. ಮೊದಲು ರೆಕಾರ್ಡ್ ಮಾಡುವಾಗ ನಾನು ಎಲ್ಲಿ ಉಗುಳು ನುಂಗಿದ್ದೆನೋ ಅಲ್ಲೇ ಅವೂ ನುಂಗಿದವು.

ನಿನಗೂ ಕೇಳಿಸಿತಾ ಎಂದು ಡ್ರೈವರನ್ನು ಕೇಳಿದೆ. ಬಿಸಿಲಿಗೆ ತಲೆ ಕೆಟ್ಟಿದೆ, ನೀರು ಕುಡಿ ಎಂದ. ಎಂದವನು ಆ ಸೆಕೆಯಲ್ಲೂ ಕಿಟಕಿಯ ಗಾಜು ಏರಿಸಿದ.

ಇವತ್ತು ಈಚೆಯ ಬೀದಿಗಳಲ್ಲೂ ಕೇಳಿತು. ಔಷಧಿ ಅಂಗಡಿಯ ಎಳೆದ ಶಟರಿನ ಹಿಂದೆ. ನಮ್ಮ ಪಕ್ಷದವರದೇ ಮನೆಗಳೊಳಗೆ.

ಕೇಳು, ಗೆಲುವು ಕೊಳ್ಳಲು ಅವರ ಹಕ್ಕೇನು ನಮ್ಮ ಜೇಬಿನ ಚಿಲ್ಲರೆಯೇ? ಸೋತರೆ ಮತ್ತೆ ಆ ಮೆಟ್ಟಿಲ ಮೇಲೆ ಕೂರೋಣ, ಕೂತು ಅಭ್ಯಾಸವಿದೆ. ಹೀಗೆ ಗೆದ್ದರೆ ಆ ಬೀಗದ ಕೈ ನಿನ್ನ ಸೊಂಟದಲ್ಲೇ ಇರುತ್ತದೆ. ಇಡೀ ಸಾಲಿರುವ ಹಳೆಯ ರೆಕಾರ್ಡಿಂಗನ್ನು ವ್ಯಾನಿಗೆ ಹಾಕಿದ್ದೇನೆ. ನಾಳೆ ಬೆಳಿಗ್ಗೆ ನಿನ್ನ ಬಾಗಿಲಿನಿಂದಲೇ ಹೊರಡುತ್ತದೆ. ತಡೆಯುವುದಾದರೆ ಹೊರಗೆ ಬಂದು ತಡೆ.

ನಿನ್ನ ಬಾಯಿಬಡುಕಿ
ತಂಗಿ

ತಾ.ಕ.: ಇವತ್ತಿನ ಸಭೆಯಲ್ಲಿ ನಿನ್ನ ಭಾಷಣಕ್ಕೆ ಮೊದಲು ಸಾಲು ಅಳಿಸಿದ ರೆಕಾರ್ಡಿಂಗ್ ಹಾಕಿದರಲ್ಲ, ಖಾಲಿ ಜಾಗ ಬಂದಾಗ ನಾನು ವೇದಿಕೆಯ ಮೇಲಿದ್ದ ನಿನ್ನನ್ನೇ ನೋಡುತ್ತಿದ್ದೆ. ನಿನ್ನ ತುಟಿ ಅಲುಗಿತು. ಹೊರಬಂದದ್ದು ನನ್ನ ದನಿ. ನೀನು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡೆ. ಆದರೂ ಆ ದನಿ ಸಾಲು ಮುಗಿಸಿಯೇ ನಿಂತಿತು.