ಕಾಮಾಕ್ಷಿಪಾಳ್ಯಕ್ಕೊಮ್ಮೆ ಹೋಗಿ ಬಾ

ಬೆಂಗಳೂರು
ಫೆಬ್ರವರಿ ೩೦, ೨೧೯೮

ಇಂಪನಜ್ಜಿಗೆ ನೂರ್‌ಗೌರಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ತಿಂಗಳುಗಳ ನಡುವೆ ಹೊಟ್ಟೆಕಿಚ್ಚು ಬೇಡವೆಂದು ನಮ್ಮವರು ಎಲ್ಲಕ್ಕೂ ಮೂವತ್ತೇ ದಿನ ಹಂಚಿದ್ದಾರೆ. ಮಿಕ್ಕ ದಿನ ಊರಿಗೆಲ್ಲ ರಜೆ. ನಾನು ನಿನ್ನ ಮೊಮ್ಮಗಳ ಮೊಮ್ಮಗಳು. ವರಸೆಯಲ್ಲಿ ನೀನು ಅಜ್ಜಿ, ಆದರೆ ಇದನ್ನು ಓದುವಾಗ ನಿನಗಿನ್ನೂ ಮದುವೆಯೇ ಆಗಿಲ್ಲ, ನನಗೋ ಹಲ್ಲೆಲ್ಲ ಉದುರಿವೆ. ಆದ್ದರಿಂದ ಏಕವಚನಕ್ಕೆ ಕ್ಷಮೆಯಿರಲಿ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆಯಿರಲಿ. ಹಿಂದಿನವರಿಗೆ ಬರೆಯುವ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಜನ್ಮಕ್ಕೊಂದೇ ಸಿಗುತ್ತದೆ. ನನ್ನದನ್ನು ನಿನಗೆ ಬರೆಯುತ್ತಿದ್ದೇನೆ.

ಮುಂದಿನ ವಾರ ನನ್ನ ಮೊಮ್ಮಗಳು ಮಿಹಿರಳ ಎರಡೊಲೆ ಮದುವೆ. ಎರಡು ಧರ್ಮದ ಮನೆಗಳು ಎರಡು ಒಲೆ ಹೂಡಿ, ಒಬ್ಬರ ಅಡುಗೆಯನ್ನು ಇನ್ನೊಬ್ಬರಿಗೆ ಬಡಿಸುವ ಮದುವೆಗೆ ಆ ಹೆಸರು. ಹುಡುಗನ ಕಡೆಯವರು ಬೌದ್ಧರು. ನಮ್ಮ ಮನೆಯಲ್ಲಿ ಕೆಲವರು ನಮಾಜಿಗೆ, ಕೆಲವರು ಪೂಜೆಗೆ, ಉಳಿದವರು ಊಟಕ್ಕೆ. ಅದಕ್ಕೆಲ್ಲ ಈಗ ಯಾರೂ ಹುಬ್ಬೇರಿಸುವುದಿಲ್ಲ, ಜಗಳವೆಲ್ಲ ಬಣ್ಣದ್ದು. ಈಗಿನ ಮದುಮಗಳು ಉಡುವುದು ಗೋಸುಂಬೆ ಸೀರೆ. ಉಟ್ಟವಳ ಮನಸ್ಸಿಗೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಮೊನ್ನೆ ಉಡಿಸಿ ನೋಡಿದಾಗ ಪಾರಿವಾಳದ ಕತ್ತಿನಂತೆ ಹಸಿರು, ನೇರಳೆ ಹೊಳೆಯುತ್ತಿತ್ತು. ಹುಡುಗನ ತಾಯಿ ಒಂದು ಮಾತಂದಳು ನೋಡು, ಸೀರೆ ನೆರಿಗೆಯಿಂದ ಸೆರಗಿನವರೆಗೆ ಕೆಂಪಾಯಿತು! ನನಗೆ ನಕ್ಕು ನಕ್ಕು ಸಾಕಾಯಿತು. ತಲೆಯ ಮೇಲೆ ಮಂಜುಚಪ್ಪರ, ಅಂದರೆ ಕಂಬವಿಲ್ಲದೆ ನಿಲ್ಲುವ ತಂಪು ಮೋಡ. ಅದಕ್ಕೆ ಮಲ್ಲಿಗೆಯ ಪರಿಮಳ ಬೆರೆಸಿರುತ್ತಾರೆ. ಇಷ್ಟೆಲ್ಲ ಆದರೂ ಛತ್ರ ಸಿಗುವುದು ಮಾತ್ರ ನಿಮ್ಮ ಕಾಲದಷ್ಟೇ ಕಷ್ಟ.

ಇನ್ನೊಂದು ಶೋಕಿ ಇದೆ. ಮದುಮಗಳು ಮಂಟಪಕ್ಕೆ ಬರುವಾಗ ಬಲಗೈಯನ್ನು ಪಕ್ಕಕ್ಕೆ ಚಾಚಿ, ಯಾರೋ ಹಿಡಿದಿದ್ದಾರೆ ಎನ್ನುವಂತೆ ಬೆರಳು ಮಡಿಸಿ ನಡೆಯಬೇಕು. ಇದು ಬರಿಗೈ ನಡಿಗೆ. ಬೆಂಗಳೂರಿನ ಹುಡುಗಿಯರೆಲ್ಲ ಹೀಗೇ ನಡೆಯುತ್ತಾರೆ. ಕಲಿಸಿಕೊಡುವ ಮೇಡಂಗಳೂ ಇದ್ದಾರೆ. ಇದು ಎಲ್ಲಿಂದ ಬಂತೆಂದು ಅವರನ್ನು ಕೇಳಿದರೆ ಬೆಬ್ಬೆಬ್ಬೆ ಎನ್ನುತ್ತಾರೆ. ನನಗೆ ಗೊತ್ತು, ನನ್ನಜ್ಜಿ ಹೇಳಿದ್ದಳು. ಅದು ನಿನ್ನಿಂದ ಬಂದದ್ದು.

ನೀನೀಗ ಜುನೈದನೊಂದಿಗಿನ ಮದುವೆಯ ಓಡಾಟದಲ್ಲಿದ್ದೀಯ. ಅವನ ತಾಯಿ ಮೆಹಂದಿಗೆ ಹಸಿರು ಬಳೆ ಆರಿಸಿದ್ದಾರೆ, ನಿನ್ನಮ್ಮ ಧಾರೆಗೆ ಅರಿಶಿನ ಬಣ್ಣದ ರೇಷ್ಮೆ. ಬೀಗಿತ್ತಿಯರಿಬ್ಬರೂ ಚಿಕ್ಕಪೇಟೆಯಲ್ಲಿ ಕೈಕೈ ಹಿಡಿದು ಅಲೆಯುತ್ತಿದ್ದಾರೆ. ಕೇಳಿದರೆ ಹೊಟ್ಟೆ ತಣ್ಣಗಾಗುತ್ತದೆ. ಆದರೆ ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ತರಬೇಕಾದ ನಿನ್ನ ಸೋದರಮಾವ ಪುಟ್ಟಮಾದಪ್ಪನವರನ್ನು ಮಾತ್ರ ಯಾರೂ ಕರೆದಿಲ್ಲ. ಜುನೈದನ ಹೆಸರು ಕೇಳಿದ ದಿನ ಅವರು ಮುದ್ದೆ ಮುಟ್ಟದೆ ಊಟದಿಂದ ಎದ್ದು ಹೋದರಲ್ಲ, ಅಂದಿನಿಂದ ನಿನ್ನಪ್ಪ “ಮದ್ವೆ ಮನೇಲಿ ರಂಪ ಯಾಕೆ, ಬಿಡಮ್ಮ” ಎನ್ನುತ್ತಿದ್ದಾರೆ. ನೀನೂ ಒಪ್ಪಿ, ಮಾವ ಇಲ್ಲದ್ದು ಕಾಣದಿರಲೆಂದು, ಗೆಳತಿಯರು ಮೂಲೆ ಹಿಡಿದು ನಡೆಯುವ ಹೂವಿನ ಚಾದರ ಗೊತ್ತು ಮಾಡಿದ್ದೀಯ. ಫೋಟೋಗೆ ಬಲು ಚೆನ್ನ.

ನಿನ್ನ ಮದುವೆಯ ದಿನ ಏನಾಯಿತು ಕೇಳು. ಚಾದರದ ಕೆಳಗೆ ಹೊರಟವಳು ಅಷ್ಟು ಜನರನ್ನು ಕಂಡೊಡನೆ ಹೆದರಿ, ಚಿಕ್ಕಂದಿನಲ್ಲಿ ಮಾವನ ಜೊತೆ ರಸ್ತೆ ದಾಟುವಾಗ ಮಾಡುತ್ತಿದ್ದಂತೆ ಬಲಗೈ ಚಾಚಿದೆ. ಹಿಡಿಯುವವರಿರಲಿಲ್ಲ. ನೀನು ಕೈ ಇಳಿಸಲಿಲ್ಲ. ಮಂಟಪದವರೆಗೂ ಹಾಗೇ ನಡೆದೆ. ನೋಡಿದವರು ಹೊಸ ಸ್ಟೈಲ್ ಎಂದುಕೊಂಡರು, ವಿಡಿಯೋ ಊರೆಲ್ಲ ಹರಡಿತು. ಮಾವ ತೀರಿಕೊಂಡ ಮೇಲೆ ಅತ್ತೆ ನಿನಗೆ ಹೇಳಿದರಂತೆ: “ಕರ್ಯಕ್ ಬತ್ತಾರೆ ಅಂತ ವಸ ಪಂಚೆ ಉಟ್ಕಂಡು ಬಾಗ್ಲಲ್ಲೇ ಕುಂತಿದ್ರು ಕಣವ್ವ.” ಅವರಿಗೆ ಸಿಟ್ಟೇ ಇರಲಿಲ್ಲವೆಂದು ನಾನು ಸುಳ್ಳು ಹೇಳಲಾರೆ. ಇತ್ತು. ಜುನೈದನ ಮುಖ ನೋಡಿ ನಗುತ್ತಿದ್ದರೋ ಇಲ್ಲವೋ, ಆ ಶಿವನೇ ಬಲ್ಲ. ಆದರೆ ಬರುವವರಿದ್ದರು. ಸಾಯುವವರೆಗೂ ಈ ಸಂಕಟ ನಿನ್ನನ್ನು ಬಿಡಲಿಲ್ಲ.

ನಿನ್ನ ಮದುವೆಗೆ ಇನ್ನೂ ಸಮಯವಿದೆ, ಅಜ್ಜಿ. ಮಾವನ ಮನೆ ಇರುವುದು ಕಾಮಾಕ್ಷಿಪಾಳ್ಯದಲ್ಲಿ, ಚಂದ್ರಲೋಕದಲ್ಲಲ್ಲ. ಮೊಬೈಲಿಗೊಂದು ಕಾರ್ಡ್ ಕಳಿಸಿ ಕೈತೊಳೆದುಕೊಳ್ಳಬೇಡ. ಅರಿಶಿನ ಕುಂಕುಮ, ಎಲೆ ಅಡಿಕೆ ಹಿಡಿದು ಹೋಗು, ಜುನೈದನನ್ನೂ ಕರೆದುಕೊಂಡು ಹೋಗು. ಬೈದರೆ ಬೈಸಿಕೊಳ್ಳಿ. ಬರುವುದಿಲ್ಲ ಎನ್ನುವುದಾದರೆ ಆ ಮಾತನ್ನು ಅವರೇ ಆಡಲಿ, ಅವರ ಬದಲಿಗೆ ನೀವು ಆಡಬೇಡಿ.

ನೀನು ಹೋದರೆ ಇಲ್ಲಿ ಏನೇನು ಬದಲಾಗುತ್ತದೋ ನಾನರಿಯೆ. ಬರಿಗೈ ನಡಿಗೆ ಈ ಊರಿನಿಂದಲೇ ಅಳಿಸಿಹೋದೀತು. ಹೋಗಲಿ ಬಿಡು. ಪಕ್ಕದ ಕೋಣೆಯಲ್ಲಿ ಮಿಹಿರ ಕನ್ನಡಿಯ ಮುಂದೆ ಅದನ್ನೇ ಅಭ್ಯಾಸ ಮಾಡುತ್ತಿದ್ದಾಳೆ. ನಾನು ಬಾಯಿ ಬಿಟ್ಟರೆ “ಸ್ಟೈಲ್ ಕೆಡಿಸ್ಬೇಡಿ ಅಜ್ಜಿ” ಎನ್ನುತ್ತಾಳೆ. ಅವಳ ಸೋದರಮಾವ, ಅಂದರೆ ನನ್ನ ಮಗ, ಬಾಗಿಲಿಗೊರಗಿ ಅವಳನ್ನೇ ನೋಡುತ್ತಾ ನಿಂತಿದ್ದಾನೆ. ತಾನು ಎತ್ತಿ ಆಡಿಸಿದ ಮಗು ಮದುಮಗಳಾದಳೆಂದು ಕಣ್ಣು ತುಂಬಿಕೊಂಡಿದ್ದಾನೆ. ಆ ಕೈ ತಾನು ಹಿಡಿಯಬೇಕಾದದ್ದೆಂದು ಅವನಿಗೆ ಗೊತ್ತೇ ಇಲ್ಲ.

ಹೋಗಿ ಮಾವನನ್ನು ಕರೆ, ಅಜ್ಜಿ.

ನಿನ್ನ
ನೂರ್‌ಗೌರಿ