ಕೆಳರೆಪ್ಪೆಯ ಅಳತೆ

ಫೆಬ್ರವರಿ ಮೂವತ್ತು, ೨೨೧೯
ಪಾವಗಡ

ಮಾನ್ಯ ಡಾಕ್ಟರ್ ಕುಮುದ ಅವರಿಗೆ,

ಮೇಲಿನ ತಾರೀಖು ಕೈತಪ್ಪಲ್ಲ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆಯೂ ಈಗ ಬಂದಿದೆ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮದನ್ನು ಓದಲು ನಾನೂ ಒಂದು ವರ್ಷ ಹೆಣಗಿದ್ದೇನೆ. ನಾನು ದೇವಿಕಾ, ಇಲ್ಲಿನ ರೆಪ್ಪೆಗಿತ್ತಿ. ಚರ್ಮದ ಕ್ಯಾನ್ಸರ್ ತೆಗೆದ ಮೇಲೆ ಕಣ್ಣಿನ ರೆಪ್ಪೆಯನ್ನು ಮತ್ತೆ ಕಟ್ಟಿಕೊಡುವವಳಿಗೆ ಈಗ ಹಾಗೆನ್ನುತ್ತಾರೆ. ಇನ್ನೂರು ವರ್ಷಗಳ ಹಿಂದೆ ನೀವು ಕೈಯಾರೆ ಬರೆದಿಟ್ಟ ಶಸ್ತ್ರಕ್ರಿಯೆಯ ಟಿಪ್ಪಣಿ ಪುಸ್ತಕವೇ ನನ್ನ ಪಠ್ಯ.

ನಮ್ಮಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮುಸುಕುಹೊತ್ತು, ಎಂದರೆ ಯಾರೂ ಬಿಸಿಲಿಗೆ ಬೀಳಬಾರದ ಹೊತ್ತು. ಶಾಲೆ, ಸಂತೆ, ಮದುವೆಗಳೆಲ್ಲ ಅದರ ಆಚೀಚೆ ನಡೆಯುತ್ತವೆ. ಸೋಲಾರ್ ಫಲಕ ಒರೆಸುವವರಿಗೆ ಮಾತ್ರ ವಿನಾಯಿತಿ. ನನ್ನ ಅವ್ವ ಓಬಳಮ್ಮ ಅವರಲ್ಲೊಬ್ಬಳು. ಅಗಲ ಟೋಪಿ ಮೇಲಿನ ಬಿಸಿಲನ್ನು ತಡೆಯುತ್ತದೆ, ಫಲಕದಿಂದ ಚಿಮ್ಮುವ ಬಿಸಿಲು ಕೆಳಗಿನಿಂದ ಬರುತ್ತದೆ. ಹಾಗಾಗಿ ಇವರಿಗೆ ರೋಗ ಬರುವುದು ಹೆಚ್ಚಾಗಿ ಕೆಳರೆಪ್ಪೆಗೇ. ಅವ್ವನಿಗೂ ಬಂತು. ಎರಡು ವರ್ಷ ಅದರ ಮೇಲೆ ಕಾಡಿಗೆ ಹಚ್ಚಿಕೊಂಡು ನನ್ನಿಂದ ಮುಚ್ಚಿಟ್ಟಳು. ಒಂದು ದಿನ ಹತ್ತು ಗಂಟೆಗೆ ಮುಂಚೆ ನಾನು ಬುತ್ತಿ ಕೊಡಲು ಹೋದಾಗ ಬೆವರಿಗೆ ಕಾಡಿಗೆ ಇಳಿದು ಗಂಟು ಕಾಣಿಸಿತು. "ಕಾಡಿಗೆ ಹಚ್ಕಂಡ್ರೆ ಯಾರ್ಗೂ ಕಾಣಾಕಿಲ್ಲ ಬಿಡೇ" ಎಂದಳು. ಊರಿಗೆಲ್ಲ ರೆಪ್ಪೆ ಕಟ್ಟುವ ನನಗೆ ಮೈ ಉರಿದುಹೋಯಿತು. ಜೊತೆಯ ಹೆಂಗಸರ ಎದುರಿಗೇ "ಸಾಕು, ಬಾಯ್ ಮುಚ್ಚು" ಎಂದೆ. ಮುಚ್ಚಿದಳು.

ಮೂರು ವಾರ ನನ್ನೊಡನೆ ಮಾತಿಲ್ಲ. ರೆಪ್ಪೆಯನ್ನಷ್ಟೇ ಮರಗಟ್ಟಿಸುವುದರಿಂದ ಶಸ್ತ್ರಕ್ರಿಯೆಯ ದಿನವೂ ಎಚ್ಚರವಾಗಿಯೇ ಮಲಗಿದ್ದಳು, ತುಟಿ ಬಿಗಿದುಕೊಂಡು. ಗಂಟು ತೆಗೆದೆ, ಅಂಚಿನಲ್ಲಿ ರೋಗ ಉಳಿದಿಲ್ಲವೆಂದು ಪರೀಕ್ಷೆ ಹೇಳಿತು. ಆ ಜಾಗಕ್ಕೆ ಇನ್ನು ಕಿವಿಯ ಹಿಂದಿನ ಚರ್ಮ ಹಾಕಬೇಕು. ನಿಮ್ಮ ಐವತ್ತೇಳನೆಯ ಪುಟದಲ್ಲಿದೆ: "ಅಳೆಯುವ ಮುನ್ನ ಬಾಯಿ ತೆರೆಸಿ, ಮೇಲೆ ನೋಡಿಸಿ." ಏಕೆಂದು ನೀವು ಬರೆದಿಲ್ಲ. ನನ್ನ ಬಳಿ ಬೆಳಕುಗೋಲು ಇತ್ತು; ಗಾಯದ ಮೇಲೆ ಹಿಡಿದರೆ ಕೂದಲೆಳೆಯಷ್ಟೂ ತಪ್ಪದೆ ಅಳೆಯುವ ಸಾಧನ. ಹಳೆಯವರ ಪದ್ಧತಿ ಇನ್ನೇಕೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಅವ್ವನಿಗೆ ಬಾಯಿ ತೆರೆ ಎನ್ನಲು ನನ್ನ ಹಟ ಅಡ್ಡಬಂತು. ಮುಚ್ಚಿದ ಬಾಯಿಯ ಮುಖಕ್ಕೆ ಸರಿಹೊಂದುವಷ್ಟು ಚರ್ಮ ಹೊಲಿದೆ.

ಎರಡು ತಿಂಗಳ ನಂತರ ಅವ್ವ ಗೆಳತಿಯರೊಡನೆ ನಗುವುದನ್ನು ಕಂಡೆ. ಬಾಯಿ ತೆರೆದಂತೆ ಕೆನ್ನೆ ಎಳೆದು ಕೆಳರೆಪ್ಪೆ ಹೊರಕ್ಕೆ ಮಗುಚಿತು, ಒಳಗಿನ ಕೆಂಪು ಕಾಣಿಸಿತು. ನಿದ್ದೆಯಲ್ಲೂ ಕಣ್ಣು ಪೂರ್ತಿ ಮುಚ್ಚುತ್ತಿಲ್ಲವೆಂದು ಆಮೇಲೆ ತಿಳಿಯಿತು. ಒಣಗಿ ಒಣಗಿ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಎದ್ದಿತ್ತು. ಇನ್ನೊಂದು ತಿಂಗಳು ಹಾಗೇ ಬಿಟ್ಟಿದ್ದರೆ ಆ ಕಣ್ಣು ಹೋಗುತ್ತಿತ್ತು. ನನಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಮತ್ತೆ ಮೇಜಿನ ಮೇಲೆ ಮಲಗಿಸಿದೆ. ಬಿಗಿದ ಕಲೆಯನ್ನು ಬಿಡಿಸಿ, ಬೆಳಕುಗೋಲನ್ನು ಪಕ್ಕಕ್ಕಿಟ್ಟು, "ಅವ್ವ, ತಪ್ಪಾಯ್ತು. ಬಾಯ್ ತೆಗಿ" ಎಂದೆ. "ಅವತ್ತು ಮುಚ್ಚು ಅಂದೋಳೂ ನೀನೇ, ಇವತ್ತು ತೆಗಿ ಅನ್ನೋಳೂ ನೀನೇ. ಯಾವ್ದು ಮಾಡ್ಲೇ ನಾನು?" ಎಂದು ನಕ್ಕೇಬಿಟ್ಟಳು. ನಗುತ್ತಿರುವಾಗಲೇ ಅಳೆದೆ. ಮೊದಲಿನದಕ್ಕಿಂತ ನಾಲ್ಕು ಮಿಲಿಮೀಟರ್ ಹೆಚ್ಚು ಬೇಕಿತ್ತು. ಈಗ ಕಣ್ಣು ಮುಚ್ಚುತ್ತದೆ. ಚುಕ್ಕೆ ಮಾತ್ರ ಉಳಿದಿದೆ, ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಾಳೆ.

ನನ್ನದೊಂದು ಕೋರಿಕೆ. ಈ ಪತ್ರ ತಲುಪುವಾಗ ನೀವಿನ್ನೂ ಆ ಪುಸ್ತಕ ಬರೆಯುತ್ತಿದ್ದರೆ, ಐವತ್ತೇಳನೆಯ ಪುಟದ ಆ ಸಾಲಿನ ಕೆಳಗೆ ಕಾರಣವನ್ನೂ ಸೇರಿಸಿ: ರೋಗಿ ಮನೆಗೆ ಹೋದ ಮೇಲೆ ನಗುತ್ತಾರೆ. ಅಷ್ಟು ಓದಿದ್ದರೆ ಮೊದಲ ದಿನವೇ ಹಟ ಬಿಡುತ್ತಿದ್ದೆ. ನೀವು ಅದನ್ನು ಸೇರಿಸಿದರೆ ಅವ್ವನ ಕಣ್ಣಲ್ಲಿ ಚುಕ್ಕೆ ಇರುವುದಿಲ್ಲ, ಈ ಪತ್ರಕ್ಕೂ ಕೆಲಸವಿರುವುದಿಲ್ಲ. ಅಂದು ಮೇಜಿನ ಮೇಲೆ ಅವಳು ನಕ್ಕಳಲ್ಲ, ಬಹುಶಃ ಅದೂ ಇರುವುದಿಲ್ಲ. ನನಗೆ ಅದು ಬಹಳ ದೊಡ್ಡದು. ಆದರೂ ಬರೆದುಬಿಡಿ.

ನಿಮ್ಮ ವಿಧೇಯ ವಿದ್ಯಾರ್ಥಿನಿ,
ದೇವಿಕಾ