ಕೂತು ಆಡಬಾರದ ಮಾತು

ಕಾರವಾರ
ಫೆಬ್ರವರಿ ಮೂವತ್ತು, ೨೩೧೧

ಹಿರಿಯರೇ,

ತಾರೀಖು ನೋಡಿ ನಗಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ಆ ಬಡಪಾಯಿ ತಿಂಗಳಿಗೆ ಕೊನೆಗೂ ನ್ಯಾಯ ಸಿಕ್ಕಿದೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ, ನಿಮ್ಮದೂ ನಮಗೆ ಹಾಗೇ ಕೇಳಿಸುತ್ತದೆ. ನಾನು ಶೇವಂತಿ ಬಾನಾವಳಿಕರ, ಈ ಊರಸಭೆಯ ಅಧ್ಯಕ್ಷೆ. ನಿನ್ನೆ ಇಲ್ಲಿ ನಡೆದದ್ದನ್ನು ನಿಮಗೆ ಹೇಳದೆ ನನಗೆ ಊಟ ಸೇರುವುದಿಲ್ಲ.

ನಿಮ್ಮ ಕಾಲದ ಚರ್ಚೆಗಳ ಧ್ವನಿ ನಮ್ಮಲ್ಲಿ ಉಳಿದಿದೆ. ಹೆಲ್ಮೆಟ್ ಎಲ್ಲಿ ಎಂದ ಪೊಲೀಸನೂ ಹಿಟ್ಲರ್, ಪರೀಕ್ಷೆ ಮುಂದೂಡದ ಪ್ರಿನ್ಸಿಪಾಲನೂ ಹಿಟ್ಲರ್. ತೆರಿಗೆ ಏರಿಸಿದವರು ನಾಝಿಗಳು, ಸಂತೆಯ ಜಾಗ ಬದಲಾದರೆ ನರಮೇಧ. ಎರಡೂ ಪಕ್ಷದವರು ಹೀಗೆ ಬೈದಾಡಿ, ಆಮೇಲೆ ಒಟ್ಟಿಗೆ ಕೂತು ಚಹಾ ಕುಡಿಯುತ್ತಿದ್ದರು. ಸ್ವಲ್ಪವಾದರೂ ನಾಚಿಕೆ ಬೇಡವೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮಗೆ ಕಲಿಸಿದವರು ನೀವೇ. ನನ್ನ ಮುತ್ತಜ್ಜಿಯ ಕಾಲದಲ್ಲಿ, ನಿಜವಾಗಿ ಕೊಲೆಯಾಗುತ್ತಿದ್ದ ಜನ ದೋಣಿಯಲ್ಲಿ ಬಂದು ನರಮೇಧ ಎಂಬ ಅದೇ ಮಾತು ಹೇಳಿದಾಗ ಈ ಊರು ಆಕಳಿಸಿತು. ದಿನಾ ಕೇಳಿದ್ದೇ ತಾನೇ. ಅವರು ತಿರುಗಿ ಹೋದರು, ಮತ್ತೆ ಯಾರೂ ಅವರನ್ನು ಕಾಣಲಿಲ್ಲ.

ಆ ನಾಚಿಕೆಯಿಂದ ಹುಟ್ಟಿದ್ದು ನಮ್ಮ ‘ನಿಲುಮಾತು’. ನರಮೇಧ, ನಾಝಿ, ಇಂಥ ಕೆಲವು ಮಾತುಗಳನ್ನು ನಾವು ಕೂತು ಆಡುವಂತಿಲ್ಲ. ಎದ್ದು ನಿಂತು, ಹಾಗೆ ಸತ್ತ ಒಬ್ಬರ ಹೆಸರು ಹೇಳಿ, ಅವರು ಹೇಗೆ ಬದುಕಿದ್ದರೆಂದು ತಿಳಿಸಬೇಕು. ಹೋಲಿಕೆ ಏನಿದ್ದರೂ ಆಮೇಲೆ. ಹೋದ ವರ್ಷ ಮೀನು ಮಾರುಕಟ್ಟೆ ಎತ್ತಂಗಡಿಯಾದಾಗ ಸದಸ್ಯ ಶುಕ್ರು ತಾಂಡೇಲ ನರಮೇಧ ಎನ್ನುತ್ತಾ ಎದ್ದ. ಒಂದು ಹೆಸರೂ ಗೊತ್ತಿಲ್ಲದೆ ತಲೆ ಕೆರೆದುಕೊಂಡು, “ಹೋಗ್ಲಿ, ಅನ್ಯಾಯ ಅಂತ ಬರ್ಕೊಳ್ಳಿ” ಎಂದು ಕೂತ. ಅನ್ಯಾಯವೇ ಆಗಿತ್ತು. ಸರಿಪಡಿಸಿದೆವು, ಮಾರುಕಟ್ಟೆ ಈಗ ಮೊದಲಿದ್ದಲ್ಲೇ ಇದೆ.

ನಿನ್ನೆ ಸಿರೋಲ ದ್ವೀಪದಿಂದ ಓರಿಲಾ ಎಂಬ ಹೆಂಗಸು ಬಂದಳು. ತನ್ನ ಜನರ ನರಮೇಧ ನಡೆದಿದೆ, ಉಳಿದವರನ್ನು ಕರೆತರಲು ದೋಣಿ ಕಳಿಸಿ ಎಂದಳು. ನಾನು ಹೆಸರು ಕೇಳಿದೆ. ಹೇಳುವಂತಿಲ್ಲ ಎಂದಳು. ಸತ್ತವರನ್ನು ಮಣ್ಣು ಮಾಡುವ ತನಕ ಅವರ ಹೆಸರು ಎತ್ತಬಾರದೆಂಬುದು ಅವಳ ದ್ವೀಪದ ಪದ್ಧತಿಯಂತೆ; ಅಡಗಿ ಉಳಿದವರಿಗೆ ಮಣ್ಣು ಮಾಡಲು ಅವಕಾಶವೆಲ್ಲಿ? ನಮ್ಮ ನಿಯಮವೇ ಈಗ ಅವಳಿಗೆ ಅಡ್ಡ ನಿಂತಿತ್ತು. ಇವಳನ್ನೂ ತಿರುಗಿ ಕಳಿಸಿಬಿಡುತ್ತೇವೇನೋ ಎಂದು ಹೆದರಿ ನಿಯಮದ ಪುಸ್ತಕ ತಿರುವತೊಡಗಿದೆ.

ಆಗ ಎದ್ದವನು ಶುಕ್ರು. “ಹೆಸರು ಬೇಡ ತಂಗಿ. ಅವ್ರಿಗೆ ಯಾವ ಮೀನು ಇಷ್ಟ ಇತ್ತು, ಅಷ್ಟು ಹೇಳು ಸಾಕು.”

ಅವನಿಗೆ ಮೀನು ಬಿಟ್ಟು ಬೇರೇನು ಹೊಳೆಯಬೇಕು, ಹೇಳಿ.

“ನನ್ನ ಮಗಳು ಮೀನು ತಿಂದಿಲ್ಲ” ಎಂದಳು ಓರಿಲಾ. “ಹಲ್ಲು ಬಂದಿರಲಿಲ್ಲ.”

ಇಡೀ ಸಭೆ ಎದ್ದು ನಿಂತಿತು, ವಿರೋಧ ಪಕ್ಷವೂ ಸೇರಿ. ಇಂದು ಬೆಳಿಗ್ಗೆ ಬಂದರಿನ ಅಷ್ಟೂ ದೋಣಿಗಳು ಹೊರಟವು. ಮೊದಲ ದೋಣಿಯಲ್ಲಿ ಶುಕ್ರು, ಅವನ ಪಕ್ಕದಲ್ಲಿ ಓರಿಲಾ. ಈ ಊರಿನವಳು ನಾನು ಎಂದುಕೊಂಡಾಗಲೆಲ್ಲ ಇವತ್ತು ಎದೆ ಉಬ್ಬುತ್ತಿದೆ.

ಅನ್ಯಾಯ ಕಂಡರೂ ಬಾಯಿ ಮುಚ್ಚಿಕೊಂಡಿರಿ ಎನ್ನುತ್ತಿಲ್ಲ. ಅನ್ಯಾಯವನ್ನು ಅನ್ಯಾಯ ಎನ್ನಿ, ಕೊಲೆಯನ್ನು ಕೊಲೆ ಎನ್ನಿ. ನರಮೇಧವೇ ಕಂಡರೆ ಎದ್ದು ನಿಂತು ಹಾಗೆಂದೇ ಹೇಳಿ. ಬರೀ ಜಗಳ ಗೆಲ್ಲಲು ಮಾತ್ರ ಆ ಮಾತನ್ನು ಮುಟ್ಟಬೇಡಿ.

ಮಗಳನ್ನು ಮಣ್ಣು ಮಾಡಿ ಬಂದ ದಿನ ಸಭೆಗೆ ಬಂದು ಹೆಸರು ಹೇಳುತ್ತೇನೆ ಎಂದಿದ್ದಾಳೆ ಓರಿಲಾ. ಅಂದು ಒಂದೂ ಕುರ್ಚಿ ಹಾಕಬೇಡಿ ಎಂದು ಹೇಳಿಟ್ಟಿದ್ದೇನೆ.

ನಿಮ್ಮ ಮರಿಮೊಮ್ಮಕ್ಕಳ ಮರಿಮೊಮ್ಮಗಳು,
ಶೇವಂತಿ